ಸೀಕರ್ಸ್ ತಂಡದ ಏಳಿಗೆಯನ್ನು ಹಾಡುಗಳ ಮೂಲಕವೇ ಅರಿಯುವ ಕ್ರಮ

1962ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ರೂಪುಗೊಂಡು, 1965ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡು ಬಾರಿ ಮೊದಲ ಸ್ಥಾನಕ್ಕೇರಿ, 1968ರ ಜುಲೈಯಲ್ಲಿ ವಿಸರ್ಜನೆಗೊಂಡ ‘ದ ಸೀಕರ್ಸ್’ ಎಂಬ ನಾಲ್ವರ ಗಾಯನ ತಂಡದ ಏಳಿಗೆಗೆ ಎರಡು ಸಿದ್ಧ ವಿವರಣೆಗಳಿವೆ. ರಾಕ್ ಸಂಗೀತದ ಅಬ್ಬರ ಒಲ್ಲದವರಿಗೆ ಈ ತಂಡ ಆಸರೆಯಾಯಿತು ಎಂಬುದು ಒಂದು. ತಂಡದ ಗಾಯಕಿ ಜೂಡಿತ್ ಡರ್ಹಮ್ ಅವರ ಕಂಠವೊಂದೇ ಉಳಿದ ಮೂವರನ್ನೂ ದಡ ಸೇರಿಸಿತು ಎಂಬುದು ಇನ್ನೊಂದು. ಹಾಡುಗಳನ್ನು ಅವು ಮುದ್ರಣಗೊಂಡ ಕ್ರಮದಲ್ಲಿ ಕೇಳುತ್ತ ಹೋದರೆ ಈ ಎರಡು ಮಾತುಗಳೂ ಅರೆಬರೆ ಎನಿಸತೊಡಗುತ್ತವೆ. ಮೆಲ್ಬರ್ನಿನ ಕಾಫಿ ಲೌಂಜಿನಲ್ಲಿ ನಾಲ್ವರು ಹೊಂದಿಸಿಕೊಂಡ ದನಿಗಳ ಜೋಡಣೆ ಕೊನೆಯವರೆಗೂ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು; ಬದಲಾದದ್ದು ಆ ಜೋಡಣೆಗೆ ಒದಗಿ ಬಂದ ಹಾಡು ಮತ್ತು ಆ ಹಾಡನ್ನು ಜನರ ಬಳಿಗೆ ಒಯ್ದ ವ್ಯವಸ್ಥೆ. ಇದನ್ನು ಯಾರ ಮಾತನ್ನೂ ನಂಬದೆ ತಾವೇ ಕೇಳಿ ಮನಗಾಣಲು ಬಯಸುವವರಿಗಾಗಿ ಈ ಕ್ರಮವನ್ನು ಬರೆಯಲಾಗಿದೆ.

ಕೇಳುವುದಕ್ಕೆ ಮುಂಚಿನ ಸಿದ್ಧತೆ

ಮೊದಲ ಕೆಲಸವೆಂದರೆ ‘ಅತ್ಯುತ್ತಮ ಗೀತೆಗಳು’ ಎಂಬ ಬಗೆಯ ಸಂಕಲನಗಳನ್ನು ಬದಿಗಿಡುವುದು. ಸಂಕಲನ ಮಾಡುವವರು ಹೆಸರಾಂತ ಹಾಡನ್ನು ಮೊದಲಿಗೆ ಇಡುತ್ತಾರೆ. ಏಳಿಗೆಯನ್ನು ಅರಿಯಬೇಕಾದವರಿಗೆ ಹೆಸರು ಬರುವುದಕ್ಕೆ ಹಿಂದಿನ ಹಾಡುಗಳು ಮೊದಲು ಬೇಕು. ಒಂದು ಟಿಪ್ಪಣಿ ಪುಸ್ತಕ ತೆರೆದು, ಪ್ರತಿ ಹಾಡಿಗೂ ಮುದ್ರಣದ ವರ್ಷ, ಮುದ್ರಣಗೊಂಡ ಊರು, ಹಾಡು ಬರೆದವರು, ಪಟ್ಟಿಯಲ್ಲಿ ತಲುಪಿದ ಸ್ಥಾನ ಎಂಬ ಕಾಲಂಗಳನ್ನು ಹಾಕಿಕೊಳ್ಳಿ. ಕೊನೆಯಲ್ಲಿ ನಿಮ್ಮ ಕಿವಿಗೆ ಬಿದ್ದುದನ್ನು ಬರೆಯಲು ಅಗಲವಾದ ಜಾಗ ಬಿಡಿ. ಹಾಡು ಬರೆದವರ ಕಾಲಂ ಆರಂಭದಲ್ಲಿ ಅನಗತ್ಯವೆನಿಸಬಹುದು. ಈ ತಂಡದ ಮಟ್ಟಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಹೇಳುವ ಕಾಲಂ.

ವರ್ಷವನ್ನು ಗುರುತಿಸುವಾಗ ಎಚ್ಚರ ಬೇಕು. ತಂಡದವರು 1990ರ ದಶಕದಲ್ಲಿ ಮತ್ತೆ ಒಟ್ಟುಗೂಡಿ ತಮ್ಮ ಹಳೆಯ ಹಾಡುಗಳನ್ನು ವೇದಿಕೆಯ ಮೇಲೆ ಹಾಡಿದ್ದು, ಆ ಧ್ವನಿಮುದ್ರಣಗಳೂ ಅದೇ ಹೆಸರುಗಳಲ್ಲಿ ದೊರೆಯುತ್ತವೆ. ಅವು ಕೇಳಲು ಇಂಪಾಗಿಯೇ ಇವೆ, ಆದರೆ ಅರವತ್ತರ ದಶಕಕ್ಕೆ ಸಾಕ್ಷಿಯಾಗಲಾರವು. ಹಾಗೆಯೇ ಒಂದೇ ಲಾಂಗ್ ಪ್ಲೇ ತಟ್ಟೆ (ಹಲವು ಹಾಡುಗಳಿರುವ ದೊಡ್ಡ ತಟ್ಟೆ) ಬೇರೆ ಬೇರೆ ದೇಶಗಳಲ್ಲಿ ಬೇರೆ ಹೆಸರು ಹೊತ್ತಿರುವುದೂ ಉಂಟು: 1966ರಲ್ಲಿ ಬ್ರಿಟನ್ನಿನಲ್ಲಿ ‘ಕಮ್ ದ ಡೇ’ ಎಂದು ಹೊರಬಂದ ತಟ್ಟೆ ಅಮೆರಿಕದಲ್ಲಿ ‘ಜಾರ್ಜಿ ಗರ್ಲ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಎರಡನ್ನು ಎರಡು ಕೃತಿಗಳೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಆಯ್ಕೆ ಇದ್ದರೆ ಸಿಂಗಲ್‌ಗಳನ್ನು (ಒಂದು ಮುಖ್ಯ ಹಾಡಿಗಾಗಿ ಮಾರುವ ಚಿಕ್ಕ ತಟ್ಟೆಗಳನ್ನು) ಮೋನೊ ರೂಪದಲ್ಲಿಯೇ, ಅಂದರೆ ಎಡಬಲ ಎಂಬ ಭೇದವಿಲ್ಲದೆ ಎಲ್ಲ ದನಿಯೂ ಒಂದೇ ಎಳೆಯಾಗಿ ಬರುವ ರೂಪದಲ್ಲಿಯೇ, ಕೇಳುವುದು ಒಳ್ಳೆಯದು. ಆ ಕಾಲದಲ್ಲಿ ಬ್ರಿಟನ್ನಿನ ಸಿಂಗಲ್‌ಗಳು ಮೋನೊದಲ್ಲಿ ಮಾರಾಟವಾಗುತ್ತಿದ್ದುದರಿಂದ ರೇಡಿಯೊ ಕೇಳುಗರು ಕೇಳಿದ್ದೂ ಆ ರೂಪವನ್ನೇ. ಸ್ಟೀರಿಯೊ ಮುದ್ರಣಕ್ಕೆ ಬೇರೆಯೇ ಉಪಯೋಗವಿದ್ದು, ಅದಕ್ಕೆ ಮುಂದೆ ಬರುತ್ತೇನೆ.

ಮೆಲ್ಬರ್ನಿನಿಂದ ಆರಂಭಿಸುವುದು

ಆಥಲ್ ಗೈ, ಕೀತ್ ಪಾಟ್ಗರ್ ಮತ್ತು ಬ್ರೂಸ್ ವುಡ್ಲಿ ಮೂವರೂ ಮೆಲ್ಬರ್ನ್ ಬಾಯ್ಸ್ ಹೈಸ್ಕೂಲಿನಲ್ಲಿ ಓದಿದವರು. ಪಾಟ್ಗರ್ ಹುಟ್ಟಿದ್ದು ಕೊಲಂಬೊದಲ್ಲಿ. ತಂಡ ಆರಂಭವಾದಾಗ ಮುಖ್ಯ ಗಾಯಕರಾಗಿದ್ದವರು ಕೆನ್ ರೇ. ಅಂದರೆ ಅದು ಪೂರ್ತಿ ಗಂಡುದನಿಗಳ ತಂಡವಾಗಿತ್ತು. 1958ರಲ್ಲಿ ಅಮೆರಿಕದ ಕಿಂಗ್‌ಸ್ಟನ್ ಟ್ರಯೊ ತಂಡದ ಒಂದು ಜನಪದ ಗೀತೆ ಅಲ್ಲಿನ ಪಟ್ಟಿಯ ತುದಿ ಮುಟ್ಟಿದ ಮೇಲೆ ಗಿಟಾರ್ ಹಿಡಿದು ಒಟ್ಟಾಗಿ ಹಾಡುವ ಇಂಥ ಯುವಕರ ತಂಡಗಳು ಇಂಗ್ಲಿಷ್ ಮಾತನಾಡುವ ನಗರಗಳಲ್ಲೆಲ್ಲ ಹುಟ್ಟಿಕೊಂಡಿದ್ದವು. ರೇ ತಂಡವನ್ನು ಬಿಟ್ಟಾಗ, 1962ರ ಕೊನೆಯಲ್ಲಿ, ಅವರ ಜಾಗಕ್ಕೆ ಜೂಡಿತ್ ಡರ್ಹಮ್ ಬಂದರು. ಆಥಲ್ ಗೈ ಮತ್ತು ಡರ್ಹಮ್ ಇಬ್ಬರೂ ಜೆ. ವಾಲ್ಟರ್ ಥಾಮ್ಸನ್ ಜಾಹೀರಾತು ಸಂಸ್ಥೆಯ ಮೆಲ್ಬರ್ನ್ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಗೈ ಗ್ರಾಹಕರ ವ್ಯವಹಾರ ನೋಡಿಕೊಳ್ಳುವ ಅಧಿಕಾರಿ, ಡರ್ಹಮ್ ಕಾರ್ಯದರ್ಶಿ. ಸಹೋದ್ಯೋಗಿಯ ಆಹ್ವಾನದ ಮೇರೆಗೆ ಡರ್ಹಮ್ ‘ಟ್ರೆಬಲ್ ಕ್ಲೆಫ್’ ಎಂಬ ಕಾಫಿ ಲೌಂಜಿನಲ್ಲಿ ತಂಡದೊಂದಿಗೆ ಹಾಡಲು ಹೋದರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಡರ್ಹಮ್ ಜನಪದ ಗೀತೆಗಳಿಂದ ಬಂದವರಲ್ಲ. ಪಿಯಾನೊದಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದಿದ್ದ ಅವರು ಫ್ರಾಂಕ್ ಟ್ರೇನರ್ ಅವರ ಜಾಝ್ ತಂಡದೊಂದಿಗೆ ಹಾಡುತ್ತಿದ್ದರು. ಸ್ಥಳೀಯ ಧ್ವನಿಮುದ್ರಣ ಸಂಸ್ಥೆಯಾದ ಡಬ್ಲ್ಯು ಅಂಡ್ ಜಿ ಜೊತೆ ಸೀಕರ್ಸ್ ತಂಡಕ್ಕೆ ನಂಟು ಬೆಳೆದದ್ದೂ ಅವರ ಮೂಲಕವೇ. 1963ರ ಮೊದಲ ಲಾಂಗ್ ಪ್ಲೇ ತಟ್ಟೆ ಬಂದದ್ದು ಆ ಸಂಸ್ಥೆಯಿಂದ.

ಆ ತಟ್ಟೆಯನ್ನು ಮೆಚ್ಚಲು ಪ್ರಯತ್ನಿಸಬೇಡಿ. ಹಾಡುಗಳಲ್ಲಿ ಬಹುಪಾಲು ಆಗಿನ ಜನಪದ ತಂಡಗಳೆಲ್ಲ ಹಾಡುತ್ತಿದ್ದಂಥವೇ, ಮುದ್ರಣವೂ ಸಾಧಾರಣ. ನೀವು ಪರೀಕ್ಷಿಸಬೇಕಾದದ್ದು ಒಂದನ್ನು ಮಾತ್ರ: ನಾಲ್ಕು ದನಿಗಳು ಎಲ್ಲೆಲ್ಲಿ ನಿಂತಿವೆ? ಅದನ್ನು ಕೇಳಿ ಹಿಡಿದು ಬರೆದಿಟ್ಟುಕೊಂಡರೆ ಮೆಲ್ಬರ್ನಿನ ಕೆಲಸ ಮುಗಿಯಿತು.

ದನಿಗಳನ್ನು ಬಿಡಿಸಿ ಕೇಳುವ ವಿಧಾನ

ಒಂದೇ ಎಳೆಯ ರಾಗವನ್ನು ಹಿಂಬಾಲಿಸಿ ಕೇಳಿ ಅಭ್ಯಾಸವಾದ ಕಿವಿಗೆ ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳಲ್ಲಿ ಸಾಗುವ ನಾಲ್ಕು ದನಿಗಳು ಮೊದಮೊದಲು ಒಂದೇ ಗುಂಪುದನಿಯಾಗಿ ಕೇಳಿಸುತ್ತವೆ. ಅದನ್ನು ಬಿಡಿಸಿಕೊಳ್ಳಲು ಒಂದೇ ಹಾಡನ್ನು ಬಿಡುವು ಕೊಡದೆ ನಾಲ್ಕು ಬಾರಿ ಕೇಳುವುದು ಸಾಕು, ಆದರೆ ಪ್ರತಿ ಬಾರಿಯೂ ಗಮನ ಒಂದೇ ಕಡೆ ಇರಬೇಕು. ಮೊದಲ ಬಾರಿ ಡರ್ಹಮ್ ಅವರನ್ನು ಮಾತ್ರ ಹಿಂಬಾಲಿಸಿ. ಕಂಪನ ಕಡಿಮೆಯಿರುವ, ಅಕ್ಷರಗಳು ಒಂದೂ ನುಂಗಿಹೋಗದ, ಸ್ವರದ ನಡುಮಧ್ಯಕ್ಕೇ ಬಂದು ನಿಲ್ಲುವ ದನಿ ಅದು. ಎರಡನೆಯ ಬಾರಿ ಕೆಳಸ್ಥಾಯಿಗೆ ಹೋಗಿ. ಅಲ್ಲಿ ಗೈ ಅವರ ದನಿಯೂ ಅವರೇ ನುಡಿಸುವ ಡಬಲ್ ಬಾಸ್ ವಾದ್ಯವೂ ಬಹಳ ಕಡೆ ಒಂದೇ ಹಾದಿಯಲ್ಲಿ ಸಾಗುತ್ತವೆ. ಮೂರನೆಯ ಬಾರಿ ನಡುವಿನ ಎರಡು ಗಂಡುದನಿಗಳನ್ನು ಹುಡುಕಿ. ಇದೇ ಕಷ್ಟದ ಭಾಗ. ಹಾಡಿನ ಪಲ್ಲವಿ ಮರಳಿ ಬರುವಾಗ ಕಾದು ಕುಳಿತರೆ ಅವು ಡರ್ಹಮ್ ಅವರ ದನಿಯ ಕೆಳಗೆ ಒತ್ತಾಗಿ ಸಾಗುವುದು ತಿಳಿಯುತ್ತದೆ. ಸ್ಟೀರಿಯೊ ಮುದ್ರಣ ಉಪಯೋಗಕ್ಕೆ ಬರುವುದು ಇಲ್ಲಿಯೇ: ಅರವತ್ತರ ದಶಕದ ಸ್ಟೀರಿಯೊದಲ್ಲಿ ದನಿ ಮತ್ತು ವಾದ್ಯಗಳನ್ನು ಎಡಬಲಗಳಿಗೆ ಕಟ್ಟುನಿಟ್ಟಾಗಿ ಹಂಚುವ ರೂಢಿಯಿದ್ದುದರಿಂದ, ಹೆಡ್‌ಫೋನಿನ ಒಂದು ಬದಿಯನ್ನು ತೆಗೆದಾಗ ಅಡಗಿದ್ದ ಎಳೆ ಎಷ್ಟೋ ವೇಳೆ ತಾನಾಗಿ ಮೇಲೆ ಬರುತ್ತದೆ. ನಾಲ್ಕನೆಯ ಬಾರಿ ಏನನ್ನೂ ಹುಡುಕದೆ ಇಡೀ ಹಾಡನ್ನು ಕೇಳಿ.

ಅಷ್ಟಾದ ಮೇಲೆ ಪೀಟರ್, ಪಾಲ್ ಅಂಡ್ ಮೇರಿ ಎಂಬ ಅಮೆರಿಕದ ಜನಪದ ಗಾಯಕರ ತಂಡದ 1962–63ರ ಯಾವುದಾದರೂ ಹಾಡನ್ನು ಇದೇ ರೀತಿ ಕೇಳಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಮೂರು ದನಿಗಳು ಮುಂದಾಳುತನವನ್ನು ಕೈಬದಲಾಯಿಸುತ್ತ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಸೀಕರ್ಸ್ ಹಾಡುಗಳಲ್ಲಿ ಹೆಣಿಗೆ ಕಡಿಮೆ. ಹೆಣ್ಣುದನಿ ಮೇಲೆ, ಗಂಡುದನಿಗಳು ಅದಕ್ಕೆ ಹಾಸಿದ ನೆಲದಂತೆ ಕೆಳಗೆ. ತಂಡದಲ್ಲಿ ಡ್ರಮ್ಸ್ ಬಾರಿಸುವವರೇ ಇರಲಿಲ್ಲವೆಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಲಯವನ್ನು ಹೊರುವುದು ಗಿಟಾರುಗಳ ಮೀಟು ಮತ್ತು ಬಾಸ್ ವಾದ್ಯ. ಆದ್ದರಿಂದ ಮಾತಿಗೆ ಮೊದಲ ಸ್ಥಾನ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಹೆಚ್ಚು ಸರಳವಾದ ವಿನ್ಯಾಸ, ಸಂಗೀತದ ದೃಷ್ಟಿಯಿಂದ ಹೆಚ್ಚು ಸಾಹಸದ್ದೇನೂ ಅಲ್ಲ. ಆದರೆ ಅಗ್ಗದ ರೇಡಿಯೊದಲ್ಲಿಯೂ ಒಂದಕ್ಷರ ಕಳೆದುಹೋಗದಂತೆ ದಾಟಿ ಬರುವ ಗುಣ ಅದಕ್ಕಿತ್ತು. ತಂಡದ ಮುಂದಿನ ಇತಿಹಾಸಕ್ಕೆ ಈ ಗುಣ ಚಿಕ್ಕದಲ್ಲ.

ಲಂಡನ್: ಹಾಡು ಮತ್ತು ವ್ಯವಸ್ಥೆ

1964ರಲ್ಲಿ ನಾಲ್ವರೂ ‘ಫೇರ್‌ಸ್ಕೈ’ ಎಂಬ ಹಡಗಿನಲ್ಲಿ ಪ್ರಯಾಣಿಕರಿಗಾಗಿ ಹಾಡುತ್ತ ಇಂಗ್ಲೆಂಡಿಗೆ ಹೊರಟರು. ಅಲ್ಲಿ ಕೆಲವು ವಾರ ಇದ್ದು ಹಿಂದಿರುಗುವ ಯೋಜನೆ ಅವರದಾಗಿತ್ತು. ಮನರಂಜನಾ ಕ್ಷೇತ್ರದಲ್ಲಿ ಪ್ರಬಲವಾಗಿದ್ದ ಗ್ರೇಡ್ ಸಂಸ್ಥೆ ಅವರ ಕಾರ್ಯಕ್ರಮಗಳ ಹೊಣೆ ಹೊತ್ತಿತು. ಟೆಲಿವಿಷನ್ ಅವಕಾಶಗಳು ದೊರೆತವು. ಹಿಂದಿರುಗುವ ಮಾತು ಮುಂದಕ್ಕೆ ಹೋಯಿತು. ಟಿಪ್ಪಣಿ ಪುಸ್ತಕದಲ್ಲಿ ಈ ಭಾಗಕ್ಕೆ ಒಂದು ಪುಟ ಪೂರ್ತಿ ಮೀಸಲಿಡಿ. ಹಾಡು ಗೆಲ್ಲುವುದಕ್ಕೆ ಮುಂಚೆಯೇ ತಂಡದ ಮುಖಗಳು ಬ್ರಿಟನ್ನಿನ ಜನರಿಗೆ ಟೆಲಿವಿಷನ್ನಿನಲ್ಲಿ ಪರಿಚಯವಾಗಿದ್ದವು ಎಂಬುದನ್ನು ಮರೆತರೆ 1965ರ ಫೆಬ್ರುವರಿಯಲ್ಲಿ ಬಂದ ಮೊದಲ ಗೆಲುವು ಪವಾಡದಂತೆ ತೋರುತ್ತದೆ.

ಈಗ ಹಾಡು ಬರೆದವರ ಕಾಲಂ. ಅಲ್ಲಿ ಮೊದಲು ಬರೆಯಬೇಕಾದ ಹೆಸರು ಟಾಮ್ ಸ್ಪ್ರಿಂಗ್‌ಫೀಲ್ಡ್. ಟಾಮ್ ಸ್ಪ್ರಿಂಗ್‌ಫೀಲ್ಡ್ ತಮ್ಮ ತಂಗಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅವರೊಂದಿಗೆ ‘ದ ಸ್ಪ್ರಿಂಗ್‌ಫೀಲ್ಡ್ಸ್’ ಎಂಬ ತಂಡವನ್ನು ನಡೆಸಿದ್ದವರು. ಒಂದು ಹೆಣ್ಣುದನಿ, ಎರಡು ಗಂಡುದನಿ, ಜನಪದದ ಬಣ್ಣವಿರುವ ಪಾಪ್ ಹಾಡು ಎಂಬುದು ಆ ತಂಡದ ಸ್ವರೂಪ. 1963ರಲ್ಲಿ ಅದು ಒಡೆದು, ಡಸ್ಟಿ ತಮ್ಮದೇ ಹಾದಿ ಹಿಡಿದ ಮೇಲೆ, ಟಾಮ್ ಅವರ ಬಳಿ ಇಂಥ ಹಾಡು ಕಟ್ಟುವ ಕೈಚಳಕವಿತ್ತು, ಹಾಡುವ ದನಿಗಳಿರಲಿಲ್ಲ. ಸೀಕರ್ಸ್ ಬಳಿ ದನಿಗಳಿದ್ದವು, ತಮ್ಮದೇ ಎನ್ನಬಹುದಾದ ಹೊಸ ಹಾಡು ಇರಲಿಲ್ಲ. ‘ಐಲ್ ನೆವರ್ ಫೈಂಡ್ ಅನದರ್ ಯೂ’ ಹಾಡನ್ನು ಕೇಳುವ ಮುಂಚೆ ಸ್ಪ್ರಿಂಗ್‌ಫೀಲ್ಡ್ಸ್ ತಂಡದ ‘ಐಲೆಂಡ್ ಆಫ್ ಡ್ರೀಮ್ಸ್’ ಹಾಡನ್ನೊಮ್ಮೆ ಕೇಳಿ, ಎರಡನ್ನೂ ಬರೆದವರು ಒಬ್ಬರೇ ಎಂಬುದನ್ನು ನೆನಪಿನಲ್ಲಿಡಿ.

‘ಐಲ್ ನೆವರ್ ಫೈಂಡ್ ಅನದರ್ ಯೂ’ ಹಾಡಿಗೆ ಸಾಕಷ್ಟು ಸಮಯ ಕೊಡಿ, ಏಕೆಂದರೆ ತಂಡದ ಏಳಿಗೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ. 1964ರ ಕೊನೆಯಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಇದು ಮುದ್ರಣಗೊಂಡಿತು. ಪಾಟ್ಗರ್ ನುಡಿಸುವ 12 ತಂತಿಗಳ ಗಿಟಾರಿನ ಆರಂಭವನ್ನು ಮಾತ್ರ ಎರಡು ಮೂರು ಬಾರಿ ಕೇಳಿ. ರೇಡಿಯೊದಲ್ಲಿ ಹಾಡಿನ ಹೆಸರು ಹೇಳುವ ಅಗತ್ಯವೇ ಬೀಳದಂತೆ ಗುರುತು ಹಚ್ಚಿಸುವ ನುಡಿಕೆ ಅದು. ಆಮೇಲೆ ಡರ್ಹಮ್ ಒಬ್ಬರೇ ಎಲ್ಲಿಯವರೆಗೆ ಹಾಡುತ್ತಾರೆ, ಮೂವರು ಯಾವ ಸಾಲಿಗೆ ಸೇರಿಕೊಳ್ಳುತ್ತಾರೆ, ಮತ್ತೆ ಎಲ್ಲಿ ಹಿಂದೆ ಸರಿಯುತ್ತಾರೆ ಎಂಬುದನ್ನು ಗುರುತು ಮಾಡಿಕೊಂಡು, ಮೆಲ್ಬರ್ನಿನ ಹಾಡಿಗೆ ನೀವು ಬರೆದಿಟ್ಟ ದನಿಗಳ ನಕ್ಷೆಯೊಂದಿಗೆ ಹೋಲಿಸಿ. ನಕ್ಷೆ ಹೆಚ್ಚು ಬದಲಾಗಿಲ್ಲವೆಂಬುದು ನಿಮಗೇ ಕಾಣುತ್ತದೆ. ಬದಲಾಗಿರುವುದು ನಕ್ಷೆಯ ಮೇಲೆ ಎದ್ದ ಕಟ್ಟಡ: ಮಾತು ಇಂದಿನದು, ವಿಷಯ ಪ್ರೇಮ, ಆದರೆ ಧಾಟಿಯಲ್ಲಿ ಭಕ್ತಿಗೀತೆಯ ಗಾಂಭೀರ್ಯವಿದೆ.

ಈ ಹಾಡು ಇಂಗ್ಲೆಂಡಿನ ತೀರದಾಚೆ ಹಡಗಿನಿಂದ ಪ್ರಸಾರ ಮಾಡುತ್ತಿದ್ದ ರೇಡಿಯೊ ಕ್ಯಾರೊಲಿನ್ ನಿಲಯದ ಬೆಂಬಲ ಪಡೆದು, 1965ರ ಫೆಬ್ರುವರಿ ಕೊನೆಯಲ್ಲಿ ಕಿಂಕ್ಸ್ ತಂಡದ ಹಾಡನ್ನು ಕೆಳಗಿಳಿಸಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು; ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನ ತಲುಪಿತು. ಅದೇ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ನಡೆದ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯ ವಿಜೇತರ ಕಾರ್ಯಕ್ರಮದಲ್ಲಿ ಬೀಟಲ್ಸ್ ಮತ್ತು ರೋಲಿಂಗ್ ಸ್ಟೋನ್ಸ್ ತಂಡಗಳು ಹಾಡಿದ ವೇದಿಕೆಯಲ್ಲೇ ಸೀಕರ್ಸ್ ಹಾಡಿತು. ರಾಕ್ ಒಲ್ಲದವರ ತಂಡ ಎಂಬ ವಿವರಣೆಯನ್ನು ಇಲ್ಲಿ ಪರೀಕ್ಷೆಗೊಡ್ಡಿ ನೋಡಬಹುದು: ಅವರನ್ನು ಕೊಂಡಾಡಿದ ಪತ್ರಿಕೆ ಮತ್ತು ಅವರ ಹಾಡನ್ನು ಹರಡಿದ ರೇಡಿಯೊ ನಿಲಯ ಎರಡೂ ಪಾಪ್ ಮೆಚ್ಚುವ ಯುವಜನರವೇ ಆಗಿದ್ದವು.

ಪಟ್ಟಿಗಳನ್ನು ಓದುವಾಗ

ಸ್ಥಾನದ ಸಂಖ್ಯೆಯನ್ನು ಪಟ್ಟಿಯ ಹೆಸರಿಲ್ಲದೆ ಬರೆಯಬಾರದು. ಬ್ರಿಟನ್ನಿನಲ್ಲಿ ಆಗ ಏಕಕಾಲಕ್ಕೆ ಹಲವು ಪತ್ರಿಕೆಗಳು ತಮ್ಮ ತಮ್ಮ ಪಟ್ಟಿ ಪ್ರಕಟಿಸುತ್ತಿದ್ದು, ಈಗ ಅಧಿಕೃತವೆಂದು ಎಣಿಸಲಾಗುವುದು ರೆಕಾರ್ಡ್ ರಿಟೇಲರ್ ಪತ್ರಿಕೆಯದು. ಅಮೆರಿಕದಲ್ಲಿ ಬಿಲ್‌ಬೋರ್ಡ್ ಮತ್ತು ಕ್ಯಾಶ್ ಬಾಕ್ಸ್ ಎರಡೂ ಇದ್ದವು. 1967ರಲ್ಲಿ ‘ಜಾರ್ಜಿ ಗರ್ಲ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ನಿಂತಿತು, ಕ್ಯಾಶ್ ಬಾಕ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆಸ್ಟ್ರೇಲಿಯಾದಲ್ಲಿಯಂತೂ 1966ರ ಅಕ್ಟೋಬರಿನಲ್ಲಿ ಗೋ-ಸೆಟ್ ಪತ್ರಿಕೆ ಆರಂಭಿಸುವವರೆಗೆ ರಾಷ್ಟ್ರೀಯ ಪಟ್ಟಿಯೇ ಇರಲಿಲ್ಲ. ಅದಕ್ಕೂ ಹಿಂದಿನ ‘ಆಸ್ಟ್ರೇಲಿಯಾದಲ್ಲಿ ಮೊದಲ ಸ್ಥಾನ’ ಎಂಬ ಮಾತೆಲ್ಲ ನಗರವಾರು ಪಟ್ಟಿಗಳನ್ನು ಮುಂದೆ ಒಟ್ಟುಗೂಡಿಸಿ ಲೆಕ್ಕ ಹಾಕಿದ್ದು.

ಸ್ಪ್ರಿಂಗ್‌ಫೀಲ್ಡ್ ಅವರ ಮುಂದಿನ ಹಾಡು ‘ಎ ವರ್ಲ್ಡ್ ಆಫ್ ಅವರ್ ಓನ್’ ಬ್ರಿಟನ್ನಿನಲ್ಲಿ 3ನೇ ಸ್ಥಾನ ಪಡೆಯಿತು. ಒಮ್ಮೆ ಕೇಳಿ ಮುಂದೆ ಹೋಗಿ. ಮೊದಲ ಗೆಲುವಿನ ಅಚ್ಚಿನಲ್ಲೇ ಎರಕ ಹೊಯ್ದದ್ದು. ನಿಲ್ಲಬೇಕಾದದ್ದು ‘ದ ಕಾರ್ನಿವಲ್ ಈಸ್ ಓವರ್’ ಬಳಿ. ವೋಲ್ಗಾ ನದಿಯಲ್ಲಿ ದೋಣಿಯಿಂದ ಪರ್ಷಿಯಾದ ರಾಜಕುಮಾರಿಯನ್ನು ನೀರಿಗೆಸೆಯುವ ಕೊಸಾಕ್ ನಾಯಕ ಸ್ಟೆಂಕಾ ರಾಜಿನ್ ಕುರಿತ ರಷ್ಯನ್ ಗೀತೆಯ ಧಾಟಿಯನ್ನು ತೆಗೆದುಕೊಂಡು, ಆ ಕಥೆಯ ಸುಳಿವೇ ಇಲ್ಲದ ವಿದಾಯದ ಮಾತುಗಳನ್ನು ಸ್ಪ್ರಿಂಗ್‌ಫೀಲ್ಡ್ ಅದಕ್ಕೆ ಹೊಂದಿಸಿದರು. ಮೂಲ ರಷ್ಯನ್ ಗೀತೆಯ ಯಾವುದಾದರೂ ಗಂಡುಮೇಳದ ಮುದ್ರಣವನ್ನು ಮೊದಲು ಕೇಳಿ, ಬಳಿಕ ಇದನ್ನು ಕೇಳಿದರೆ, ಮೂವರು ಗಂಡಸರ ದನಿಗಳಿಗೆ ಈ ಧಾಟಿ ಅಷ್ಟು ಸಲೀಸಾಗಿ ಒಗ್ಗಿದ್ದೇಕೆ ಎಂಬುದು ಅರ್ಥವಾಗುತ್ತದೆ. 1965ರ ನವೆಂಬರ್ ಕೊನೆಯಲ್ಲಿ ಇದು ರೋಲಿಂಗ್ ಸ್ಟೋನ್ಸ್ ತಂಡವನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಬಂದು ಮೂರು ವಾರ ನಿಂತಿತು. ಅದನ್ನು ಕೆಳಗಿಳಿಸಲು ಬೀಟಲ್ಸ್ ತಂಡದ ಹೊಸ ಸಿಂಗಲ್ ಬರಬೇಕಾಯಿತು. ಕಂಠವೊಂದೇ ಕಾರಣ ಎನ್ನುವವರು ಈ ಹಾಡಿನಿಂದ ಗಂಡುದನಿಗಳನ್ನು ಮನಸ್ಸಿನಲ್ಲಿಯೇ ತೆಗೆದು ಕೇಳಿ ನೋಡಲಿ.

ಹೊರಗಿನ ಹಾಡುಗಳು, ಎರಡು ಮುದ್ರಣಗಳು

1966ಕ್ಕೆ ಬಂದಾಗ ಹಾಡು ಬರೆದವರ ಕಾಲಂನಲ್ಲಿ ಹೊಸ ಹೆಸರುಗಳು ಕಾಣುತ್ತವೆ. ಅದಕ್ಕೆ ಸ್ವಲ್ಪ ಹಿಂದೆ ಲಂಡನ್ನಿನ ಜನಪದ ವಲಯದಲ್ಲಿ ಓಡಾಡಿಕೊಂಡಿದ್ದ ಪಾಲ್ ಸೈಮನ್ ಅವರ ಒಂದು ಹಾಡನ್ನು ತಂಡ ಹಾಡಿತು, ಅದು ಬ್ರಿಟನ್ನಿನಲ್ಲಿ 11ನೇ ಸ್ಥಾನಕ್ಕೆ ನಿಂತಿತು. ವುಡ್ಲಿ ಮತ್ತು ಸೈಮನ್ ಸೇರಿ ಬರೆದ ‘ರೆಡ್ ರಬ್ಬರ್ ಬಾಲ್’ ಹಾಡು ಅಮೆರಿಕದ ಸರ್ಕಲ್ ತಂಡದ ಬಾಯಲ್ಲಿ ಬಿಲ್‌ಬೋರ್ಡ್‌ನ 2ನೇ ಸ್ಥಾನಕ್ಕೇರಿತು.

ಆದರೆ ಏಳಿಗೆಯ ಅಧ್ಯಯನಕ್ಕೆ ಇದಕ್ಕಿಂತ ಉಪಯುಕ್ತವಾದದ್ದು ಮಾಲ್ವಿನಾ ರೆನಾಲ್ಡ್ಸ್ ಬರೆದ ‘ಮಾರ್ನಿಂಗ್‌ಟೌನ್ ರೈಡ್’. ಮಕ್ಕಳ ಈ ಜೋಗುಳವನ್ನು ತಂಡ 1964ರಲ್ಲೊಮ್ಮೆ ಲಾಂಗ್ ಪ್ಲೇ ತಟ್ಟೆಗಾಗಿ ಹಾಡಿತ್ತು. 1966ರಲ್ಲಿ ಸಿಂಗಲ್‌ಗಾಗಿ ಮತ್ತೆ ಮುದ್ರಿಸಿ ಬ್ರಿಟನ್ನಿನ 2ನೇ ಸ್ಥಾನಕ್ಕೆ ಒಯ್ದಿತು. ಹಾಡು ಒಂದೇ, ಹಾಡುವವರು ಅವರೇ, ನಡುವೆ ಎರಡು ವರ್ಷ. ಎರಡು ಮುದ್ರಣಗಳನ್ನೂ ಒಂದರ ಬೆನ್ನಿಗೊಂದು ಕೇಳಿ ವಾದ್ಯಗಳಲ್ಲಿ ಏನು ಸೇರಿದೆ, ವೇಗ ಬದಲಾಗಿದೆಯೇ, ದನಿಗಳು ಎಷ್ಟು ಮುಂದಕ್ಕೆ ಬಂದಿವೆ ಎಂದು ಬರೆದುಕೊಂಡರೆ, ಯಶಸ್ಸು ಒಂದು ತಂಡದ ಧ್ವನಿಮುದ್ರಣಕ್ಕೆ ಏನನ್ನು ಕೂಡಿಸುತ್ತದೆ, ಏನನ್ನು ಮುಟ್ಟದೆ ಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದಿಲ್ಲ.

‘ಜಾರ್ಜಿ ಗರ್ಲ್’ ಅದೇ ಹೆಸರಿನ 1966ರ ಚಲನಚಿತ್ರಕ್ಕಾಗಿ ಸಿದ್ಧವಾದದ್ದು. ಧಾಟಿ ಸ್ಪ್ರಿಂಗ್‌ಫೀಲ್ಡ್ ಅವರದು, ಮಾತು ನಟ ಜಿಮ್ ಡೇಲ್ ಅವರದು. ಚಿತ್ರದಲ್ಲಿ ಕೇಳಿಬರುವ ಮಾತುಗಳಿಗೂ ತಟ್ಟೆಯ ಮೇಲಿನ ಮಾತುಗಳಿಗೂ ವ್ಯತ್ಯಾಸವಿರುವುದರಿಂದ ಯಾವುದನ್ನು ಕೇಳುತ್ತಿದ್ದೀರಿ ಎಂಬುದನ್ನು ಗುರುತಿಸಿಕೊಳ್ಳಿ. ಹಾಡು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತಾದರೂ ಪ್ರಶಸ್ತಿ ‘ಬಾರ್ನ್ ಫ್ರೀ’ ಹಾಡಿಗೆ ಹೋಯಿತು.

ದೊಡ್ಡ ಸಂಖ್ಯೆಯನ್ನು ತೂಗುವುದು, ಎಲ್ಲಿ ನಿಲ್ಲಿಸುವುದು

1967ರ ಮಾರ್ಚ್ 12ರಂದು ಮೆಲ್ಬರ್ನಿನ ಸಿಡ್ನಿ ಮಯರ್ ಮ್ಯೂಸಿಕ್ ಬೌಲ್‌ನಲ್ಲಿ ತಂಡ ಹಾಡಿದಾಗ ಸುಮಾರು 2 ಲಕ್ಷ ಜನ ಸೇರಿದ್ದರೆಂದು ಅಂದಾಜು. ತಂಡದ ಕುರಿತ ಬರಹಗಳಲ್ಲೆಲ್ಲ ಈ ಸಂಖ್ಯೆ ಬರುತ್ತದೆ, ಬರಬೇಕಾದದ್ದೇ. ಆದರೆ ಅದರ ಪಕ್ಕದಲ್ಲಿ ಮೂರು ಸಂಗತಿಗಳನ್ನು ಬರೆದಿಡಬೇಕು: ಅದು ಮೆಲ್ಬರ್ನಿನ ವಾರ್ಷಿಕ ಮೂಂಬಾ ಉತ್ಸವದ ಸಂದರ್ಭ, ಪ್ರವೇಶ ಉಚಿತ, ಮತ್ತು ಹೆಕ್ಟರ್ ಕ್ರಾಫರ್ಡ್ ನಿರ್ದೇಶನದಲ್ಲಿ ಸಿಂಫನಿ ವಾದ್ಯವೃಂದವೊಂದು ಪಾಲ್ಗೊಂಡಿದ್ದ ದೊಡ್ಡ ಸಂಗೀತ ಕಾರ್ಯಕ್ರಮದಲ್ಲಿ ಸೀಕರ್ಸ್ ಹಾಡಿದ್ದು ಒಂದು ಭಾಗ ಮಾತ್ರ. ಇಷ್ಟು ಹೇಳಿದ ಮೇಲೂ ಸಂಖ್ಯೆ ಚಿಕ್ಕದಾಗುವುದಿಲ್ಲ. ಅದೇ 1967ರ ‘ವರ್ಷದ ಆಸ್ಟ್ರೇಲಿಯನ್’ ಗೌರವವನ್ನು ನಾಲ್ವರಿಗೂ ಒಟ್ಟಾಗಿ ನೀಡಲಾಯಿತು.

ಏಳಿಗೆಯ ಅಧ್ಯಯನವನ್ನು ಈ ವರ್ಷಕ್ಕೇ ನಿಲ್ಲಿಸುವುದು ಸೂಕ್ತ. 1968ರ ಆರಂಭದಲ್ಲಿ ಡರ್ಹಮ್ ತಂಡ ಬಿಡುವ ನಿರ್ಧಾರ ತಿಳಿಸಿದರು, ಜುಲೈಯಲ್ಲಿ ಬಿಬಿಸಿಯ ವಿದಾಯ ಕಾರ್ಯಕ್ರಮದೊಂದಿಗೆ ತಂಡ ಮುಗಿಯಿತು. ಆ ವರ್ಷ ಲಂಡನ್ನಿನ ‘ಟಾಕ್ ಆಫ್ ದ ಟೌನ್’ ಸಭಾಂಗಣದಲ್ಲಿ ಮುದ್ರಿಸಿಕೊಂಡ ನೇರ ಕಾರ್ಯಕ್ರಮದ ತಟ್ಟೆಯನ್ನು ಮಾತ್ರ ಬಿಡಬೇಡಿ. ಸ್ಟುಡಿಯೊದ ತಿದ್ದುಪಡಿಯ ನೆರವಿಲ್ಲದೆ ಆ ದನಿಗಳು ಹೇಗೆ ಹೊಂದಿಕೊಳ್ಳುತ್ತಿದ್ದವು ಎಂಬುದನ್ನು 1963ರ ನಕ್ಷೆಯೊಂದಿಗೆ ಮತ್ತೊಮ್ಮೆ ಹೋಲಿಸಲು ಅದು ಬೇಕು. 1969ರಲ್ಲಿ ಪಾಟ್ಗರ್ ಹುಟ್ಟುಹಾಕಿದ ‘ದ ನ್ಯೂ ಸೀಕರ್ಸ್’ ಬೇರೆಯೇ ಗಾಯಕರ, ಬೇರೆಯೇ ಬಗೆಯ ತಂಡ. ಹೆಸರಿನ ಹೋಲಿಕೆಯಿಂದಾಗಿ ಅದರ ಹಾಡುಗಳು ನಿಮ್ಮ ಪಟ್ಟಿಯೊಳಗೆ ನುಸುಳದಂತೆ ನೋಡಿಕೊಳ್ಳಿ. ತಂಡ ಚದುರಿದ ಮೇಲೆ, 1969ರ ಆರಂಭದಲ್ಲಿ, ಅವರ ಅತ್ಯುತ್ತಮ ಗೀತೆಗಳ ಸಂಕಲನವೊಂದು ಬ್ರಿಟನ್ನಿನ ಲಾಂಗ್ ಪ್ಲೇ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದಿತು. ಅದನ್ನು ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸುವುದಾದರೆ ಪ್ರತ್ಯೇಕ ಪುಟದಲ್ಲಿ ದಾಖಲಿಸಿ, ಏಕೆಂದರೆ ಅದರಲ್ಲಿರುವ ಹಾಡುಗಳೆಲ್ಲ ನಿಮ್ಮ ಹಿಂದಿನ ಪುಟಗಳಲ್ಲಿ ತಂತಮ್ಮ ವರ್ಷದ ಎದುರು ಆಗಲೇ ಬಂದಿರುತ್ತವೆ.